ಪೂರ್ಣಾವಧಿ ಸಂಶೋಧಕಿ

ಶಿಷ್ಯವೇತನ ಮಂಜೂರಾದ ಪತ್ರ ಕೈಸೇರಿದಾಗ ಮೀನಾಕ್ಷಿಗೆ ಮೂವತ್ನಾಲ್ಕು ವರ್ಷ. ರಾಣೇಬೆನ್ನೂರಿನ ಒಂದು ಪದವಿ ಕಾಲೇಜಿನಲ್ಲಿ ಎಂಟು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿ ಸಮಾಜಶಾಸ್ತ್ರ ಕಲಿಸುತ್ತಿದ್ದಳು. ಪಿಎಚ್‌ಡಿಗೆ ಹೆಸರು ನೋಂದಾಯಿಸಿ ಎರಡು ವರ್ಷವಾಗಿತ್ತು. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಬದುಕು ಅವಳ ವಿಷಯ. ತಂದೆತಾಯಿ ಇರಲಿಲ್ಲ. ಅಣ್ಣ ಮೈಲಪ್ಪ ಕರ್ಜಗಿಯಲ್ಲಿ ತನ್ನ ಸಂಸಾರ, ತನ್ನ ಹೊಲ ಎಂದು ಇದ್ದ. ಅವಳು ಮೇಡ್ಲೇರಿ ರಸ್ತೆಯ ಒಂದು ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲಿ ಒಬ್ಬಳೇ ಇದ್ದಳು.

ಪತ್ರದ ಜೊತೆ ನಾಲ್ಕು ಪುಟದ ನಿಯಮಗಳಿದ್ದವು. ಮಾರ್ಗದರ್ಶಕರಾದ ಪ್ರಭುಲಿಂಗಪ್ಪ ಸರ್ ಧಾರವಾಡದಿಂದ ಫೋನು ಮಾಡಿ ಮುಖ್ಯವಾದುದನ್ನು ಬಿಡಿಸಿ ಹೇಳಿದರು.

"ನೋಡ್ರಿ ಮೀನಾಕ್ಷಿ, ಶಿಷ್ಯವೇತನ ತಗೊಳ್ಳೂ ತನಕ ಬ್ಯಾರೆ ಎಲ್ಲೂ ಕೆಲಸ ಮಾಡೂ ಹಂಗಿಲ್ಲ. ಪ್ರತಿ ತಿಂಗಳಾ ನೀವು ಪೂರ್ಣಾವಧಿ ಸಂಶೋಧನಾ ಮಾಡಾಕತ್ತೀರಿ ಅಂತ ನಾ ಸಹಿ ಹಾಕಬೇಕು. ಮೊದಲ ಕಾಲೇಜಿಗೆ ರಾಜೀನಾಮೆ ಕೊಡ್ರಿ."

"ಇವತ್ತ ಕೊಡ್ತೇನ್ರಿ ಸರ್," ಎಂದಳು.

ಅಂದೇ ಕೊಟ್ಟಳು. ಸ್ಟಾಫ್ ರೂಮಿನಲ್ಲಿ ಶಾಲು ಹೊದಿಸಿದರು. ಮಿರ್ಚಿ, ಮಂಡಕ್ಕಿ, ಚಹಾ ಆಯಿತು. ಎಂಟು ವರ್ಷ ಮಧ್ಯಾಹ್ನ ಅವಳ ಎದುರಿಗೇ ಕೂತು ಬುತ್ತಿ ಬಿಚ್ಚುತ್ತಿದ್ದ ವಾಣಿಜ್ಯ ವಿಭಾಗದ ಕೊಟ್ರೇಶ, "ನಮ್ಮೊಳಗ ಒಬ್ಬರರ ದಡಾ ಮುಟ್ಟಿದ್ರಿ ಬಿಡ್ರಿ ಮೇಡಂ," ಎಂದ. ಅವನ ದನಿಯಲ್ಲಿ ಸಂತೋಷವೂ ಇತ್ತು, ಸ್ವಲ್ಪ ಸಂಕಟವೂ ಇತ್ತು.

ಮೊದಲ ವಾರ ಹಬ್ಬದಂತೆ ಕಳೆಯಿತು. ಪುಸ್ತಕಗಳನ್ನು ಜೋಡಿಸಿದಳು, ಟಿಪ್ಪಣಿ ಮಾಡಿದಳು. ಎರಡನೆಯ ವಾರ ಒಂದು ಸಂಜೆ, ಕೆಳಗಿನ ಮನೆಯ ಜಯವ್ವ ನೀರಿನ ವಿಷಯ ಕೇಳಲು ಬಂದಾಗ ಮೀನಾಕ್ಷಿ ಬಾಯಿ ತೆರೆದರೆ, ದನಿಯೇ ಹೊರಡಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಮಾತಾಡಿದಳು. ಆ ದಿನ ಅವಳು ಯಾರೊಡನೆಯಾದರೂ ಆಡಿದ ಮೊದಲ ಮಾತು ಅದು.

ಬ್ಯಾಡಗಿಗೆ ಹೋಗಬೇಕಿತ್ತು. ನಾಳೆ, ನಾಡಿದ್ದು ಎಂದು ಮುಂದೂಡುತ್ತಲೇ ಇದ್ದಳು. ತಾನು ಒಳಗೆ ಬಂದರೆ ಅರವತ್ತು ಮಕ್ಕಳು ಎದ್ದು ನಿಲ್ಲುವುದು ಅವಳಿಗೆ ರೂಢಿಯಾಗಿತ್ತು. ಯಾರೂ ತನ್ನನ್ನು ಕರೆಯದ ಜಾಗಕ್ಕೆ ಹೋಗಿ, ನೀವು ಯಾರು ಎಂದು ಕೇಳಿಸಿಕೊಳ್ಳುವ ಧೈರ್ಯ ಬರಲಿಲ್ಲ. ತಿಂಗಳ ಕೊನೆಗೆ ಅರ್ಜಿ ತುಂಬಿ ಕಳಿಸುತ್ತಿದ್ದಳು, ಸರ್ ಸಹಿ ಹಾಕುತ್ತಿದ್ದರು.

ಸೆಪ್ಟೆಂಬರಿನಲ್ಲಿ ಪ್ರಾಂಶುಪಾಲರ ಫೋನು ಬಂತು.

"ನಿಮ್ಮ ಜಾಗಾಕ್ಕ ಯಾರೂ ಬಂದಿಲ್ಲ ಮೇಡಂ. ಹುಡುಗರ ಪಾಠ ಅರ್ಧಕ್ಕ ನಿಂತೈತಿ. ಮಂಗಳವಾರ, ಶುಕ್ರವಾರ ಎರಡೆರಡು ತಾಸು ಬಂದ್ರ ಸಾಕು."

"ನಿಯಮ ಐತ್ರಿ ಸರ್. ಹಂಗ ಬರಾಕ ಬರೂದಿಲ್ಲ."

"ರೊಕ್ಕಾ ತಗೊಂಡ್ರ ನಿಯಮ. ನೀವೇನ್ ರೊಕ್ಕಾ ತಗೋತೀರಿ? ಪುಣ್ಯೇದ ಕೆಲಸ."

ಪ್ರಭುಲಿಂಗಪ್ಪ ಸರ್‌ಗೆ ಒಂದು ಮಾತು ಕೇಳಬೇಕು ಎಂದು ಅನಿಸಿತು. ಕೇಳಿದರೆ ಬೇಡವೆನ್ನುತ್ತಾರೆ ಎಂದು ಗೊತ್ತಿದ್ದುದರಿಂದಲೇ ಕೇಳಲಿಲ್ಲ. ಮಂಗಳವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದಳು. ಹುಡುಗರು ಎದ್ದು ನಿಂತರು. ಎರಡು ತಾಸು ಪಾಠ ಮಾಡಿ, ಕೊಟ್ರೇಶನ ಬುತ್ತಿಯ ರೊಟ್ಟಿ ಮುರಿದು ತಿಂದು, ಖೋಲಿಗೆ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಹೀಗೆ ದಸರಾ ರಜೆ ಶುರುವಾಗುವ ತನಕ ಆರು ಸಲ ಹೋದಳು. ಆರನೆಯ ದಿನ ಸ್ನೇಹಾ ಎಂಬ ವಿದ್ಯಾರ್ಥಿನಿ, ಮೇಡಂ ಹಲಗೆಯ ಮೇಲೆ ಬರೆಯುತ್ತಿದ್ದ ಫೋಟೊ ತೆಗೆದು, ತಾರೀಖಿನ ಸಮೇತ ಫೇಸ್‌ಬುಕ್ಕಿಗೆ ಹಾಕಿದಳು. 'ನಮ್ಮ ಮೇಡಂ ನಮಗಾಗಿ ಮತ್ತೆ ಬಂದರು' ಎಂದು ಬರೆದಿದ್ದಳು. ಪ್ರೀತಿಗಾಗಿಯೇ ಹಾಕಿದ್ದಳು.

ಯಾರು ನೋಡಿದರೋ, ಯಾರು ಕಳಿಸಿದರೋ ತಿಳಿಯಲಿಲ್ಲ. ಹದಿನೈದು ದಿನಕ್ಕೆ ಪ್ರಭುಲಿಂಗಪ್ಪ ಸರ್ ಫೋನು ಮಾಡಿದರು.

"ಶಿಷ್ಯವೇತನದ ವಿಭಾಗದಿಂದ ನನಗ ಪತ್ರ ಬಂದೈತಿ. ಫೋಟೊ ಹಚ್ಚ್ಯಾರ. ಇದು ಖರೇ ಏನ್ರಿ?"

"ಖರೇ ಐತ್ರಿ ಸರ್. ಆದ್ರ ಒಂದು ಪೈಸಾ ತಗೊಂಡಿಲ್ಲ."

"ಪೈಸಾದ ಮಾತಲ್ಲ ಅದು. ಪೂರ್ಣಾವಧಿ ಅಂತ ನಾ ಸಹಿ ಹಾಕೇನಿ. ನೀವು ನನಗೊಂದು ಮಾತು ಹೇಳಬೇಕಾಗಿತ್ತು," ಎಂದು ಸರ್ ಫೋನಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಮರುದಿನ ಅವಳು ಪ್ರಾಂಶುಪಾಲರ ಹತ್ತಿರ ಹೋದಳು. ತಾನು ಗೌರವಧನ ಪಡೆದಿಲ್ಲ ಎಂದು ಎರಡು ಸಾಲು ಬರೆದುಕೊಡಿ ಎಂದು ಕೇಳಿದಳು. ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಪಗಾರ ಇಲ್ದ ಹ್ಯಾಂಗ ದುಡಿಸಿದಿ ಅಂತ ನನ್ನ ಕೇಳ್ತಾರ ಮೇಡಂ. ಬರವಣಿಗ್ಯಾಗ ಬ್ಯಾಡ. ಕ್ಷೇತ್ರಕಾರ್ಯಕ್ಕ ಬಂದಿದ್ದೆ ಅಂತ ನೀವ ಬರದುಬಿಡ್ರಿ, ಯಾರು ನೋಡ್ತಾರ?"

ಸ್ಟಾಫ್ ರೂಮಿನಲ್ಲಿ ಕೊಟ್ರೇಶ ಉತ್ತರಪತ್ರಿಕೆ ತಿದ್ದುತ್ತಿದ್ದ. ಅವಳನ್ನು ಕಂಡರೂ ತಲೆ ಎತ್ತಲಿಲ್ಲ. ಅವಳು ಹೊರಟಾಗ ಬಾಗಿಲ ತನಕ ಬಂದು ಮೆಲ್ಲಗೆ, "ನಮ್ಮ ನೌಕರಿನೂ ವರ್ಷ ವರ್ಷದ್ದು ಮೇಡಂ. ತಪ್ಪು ತಿಳೀಬ್ಯಾಡ್ರಿ," ಎಂದ. ಅವಳು ತಪ್ಪು ತಿಳಿಯಲಿಲ್ಲ. ಆದರೆ ಮೆಟ್ಟಿಲಿಳಿಯುವಾಗ, ಇನ್ನು ಈ ಊರಿನಲ್ಲಿ ತಾನು ಮಧ್ಯಾಹ್ನ ಹೋಗಿ ಕೂಡಬಹುದಾದ ಜಾಗ ಒಂದೂ ಇಲ್ಲ ಎಂಬುದು ಸ್ಪಷ್ಟವಾಯಿತು.

ಖೋಲಿಗೆ ಬಂದು ಶಿಷ್ಯವೇತನದ ವಿಭಾಗಕ್ಕೆ ವಿವರಣೆ ಬರೆದಳು. ಆರು ತಾರೀಖುಗಳನ್ನೂ ಬರೆದಳು. ಕ್ಷೇತ್ರಕಾರ್ಯ ಎಂದು ಬರೆಯಲಿಲ್ಲ. ಮಾರ್ಗದರ್ಶಕರಿಗೆ ತಿಳಿಸದೆ ಹೋದದ್ದು ನನ್ನ ತಪ್ಪು, ಅವರದೇನೂ ಇಲ್ಲ ಎಂದು ಕೊನೆಯಲ್ಲಿ ಸೇರಿಸಿದಳು. ವಿಭಾಗದವರು ಒಂದು ತಿಂಗಳ ಶಿಷ್ಯವೇತನ ತಡೆದು, ಎಚ್ಚರಿಕೆ ಕೊಟ್ಟು ಬಿಟ್ಟರು. ಪ್ರಭುಲಿಂಗಪ್ಪ ಸರ್ ಮುಂದಿನ ಅರ್ಜಿಗೆ ಸಹಿ ಹಾಕುವಾಗ ಒಂದೇ ಮಾತು ಕೇಳಿದರು.

"ನಿಮ್ಮ ವಿಷಯ ಬ್ಯಾಡಗ್ಯಾಗ ಐತಿ. ನೀವು ರಾಣೇಬೆನ್ನೂರಾಗ ಯಾಕ ಕುಂತೀರಿ?"

ಜನವರಿಯಲ್ಲಿ ಅವಳು ಬ್ಯಾಡಗಿಗೆ ಹೋದಳು. ಮೆಣಸಿನಕಾಯಿ ಬರುವ ಕಾಲ. ಬಸ್ಸು ಇಳಿಯುವ ಮೊದಲೇ ಘಾಟು ಮೂಗಿಗೇರಿತು. ಒಂದು ಶೆಡ್ಡಿನಲ್ಲಿ ಮೂವತ್ತು ಹೆಂಗಸರು ಕೆಂಪು ರಾಶಿಯ ಸುತ್ತ ಕೂತು, ಸೆರಗನ್ನು ಬಾಯಿಗೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತ ಗಲಗಲ ಮಾತಾಡುತ್ತಿದ್ದರು. ಅವಳು ನೋಟ್‌ಬುಕ್ ತೆಗೆದಳು. ಮಾತು ನಿಂತಿತು.

"ಅಕ್ಕೋರು ಬರಕೊಳ್ಳಾಕ ಬಂದಾರ, ಬಾಯಿ ಮುಚ್ಚ್ರೆ," ಎಂದಳು ಸೈದಾಬಿ ಎಂಬ ಹಿರಿಯಳು.

ಮೂರು ದಿನ ಹೀಗೇ ನಡೆಯಿತು. ಅವಳು ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ನಾಲ್ಕನೆಯ ದಿನ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಸೈದಾಬಿಯ ಪಕ್ಕ ಕೂತು ತಾನೂ ತೊಟ್ಟು ಬಿಡಿಸತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಬೆರಳು ಉರಿಯತೊಡಗಿದವು. ಮರೆತು ಕಣ್ಣು ಮುಟ್ಟಿಕೊಂಡಳು. ನೀರು ಸುರಿಯುವುದನ್ನು ಕಂಡು ಹೆಂಗಸರು ನಕ್ಕರು. ಒಬ್ಬಳು ಎದ್ದು ನೀರು ತಂದುಕೊಟ್ಟಳು.

ಸಂಜೆ ತೂಕವಾಯಿತು. ಶೆಡ್ಡಿನವನು ಅವಳು ಬಿಡಿಸಿದ್ದನ್ನೂ ತೂಗಿ ಕೂಲಿ ಕೊಡಲು ಬಂದ.

"ನನಗ ತಗೊಳ್ಳಾಕ ಬರೂದಿಲ್ರಿ. ಈ ಚಾಚಿ ಲೆಕ್ಕಕ್ಕ ಹಾಕ್ರಿ," ಎಂದಳು.

ಸೈದಾಬಿ ಬಾಯಿಗೆ ಕಟ್ಟಿದ್ದ ಸೆರಗು ಬಿಚ್ಚಿದಳು. "ಯಾಕ ಬರೂದಿಲ್ಲ?"

"ನನಗ ಸರಕಾರ ಓದಾಕ ರೊಕ್ಕಾ ಕೊಡತೈತಿ. ಅದನ್ನ ತಗೊಂಡ ಮ್ಯಾಲ ಬ್ಯಾರೆ ಕೂಲಿ ಮಾಡೂ ಹಂಗಿಲ್ಲ."

"ಬರೇ ಓದಾಕ?"

"ಹೂಂ. ಓದೂದು, ಬರಿಯೂದು."

"ಒಬ್ಬಾಕಿನ ಕುಂತು?"

"ಒಬ್ಬಾಕಿನ."

ಸೈದಾಬಿ ತನ್ನ ಬುಟ್ಟಿ ಎತ್ತಿಕೊಳ್ಳುತ್ತ ಅವಳ ಮುಖ ನೋಡಿದಳು. "ನಮ್ಮ ಕೆಲಸಾನ ಛಲೋ ಬಿಡ್ರಿ ಅಕ್ಕೋರ. ಕೆಮ್ಮು ಬರತೈತಿ ಖರೇ, ಆದ್ರ ಮಾತಾಡಾಕ ಮಂದಿ ಇರ್ತಾರ."

ಮೀನಾಕ್ಷಿಯ ಕಣ್ಣು ತುಂಬಿತು. ಮೆಣಸಿನಕಾಯಿಯ ಕೈ ಇನ್ನೂ ತೊಳೆದಿರಲಿಲ್ಲ. ಹೀಗಾಗಿ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

ಹೆಂಗಸರು ಐದಾರು ಮಂದಿ ಕೂಡಿ ತಮ್ಮ ತಮ್ಮ ಓಣಿಯ ಕಡೆ ಹೊರಟರು. ಹೋಗುತ್ತ ಸೈದಾಬಿ ತಿರುಗಿ, "ನಾಳಿಗೆ ಬರೂದಾದ್ರ ಮಾರಿಗೆ ಕಟ್ಟಿಕೊಳ್ಳಾಕ ಒಂದು ಅರಬಿ ತಗೊಂಡು ಬರ್ರಿ," ಎಂದಳು.

"ಬರ್ತೇನಿ ಚಾಚಿ."

ರಾಣೇಬೆನ್ನೂರಿನ ಬಸ್ಸು ತಡವಾಗಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ಒಬ್ಬಳೇ ಕೂತು, ಆ ದಿನ ಕೇಳಿದ ಮಾತುಗಳನ್ನು ಮರೆಯುವ ಮೊದಲು ಬರೆದುಕೊಳ್ಳತೊಡಗಿದಳು. ಬೆರಳು ಉರಿಯುತ್ತಿದ್ದವು, ಅಕ್ಷರ ಸೊಟ್ಟಗೆ ಬೀಳುತ್ತಿದ್ದವು.