ಹಾರುಕಾಳ ಹೆಸರಿನ ಎರಡು ಬಾಟಲಿ

ಶನಿವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಉಮಾಶಂಕರ್ ಟೋಕಿಯೊದ ತನ್ನ ಮನೆಯ ಉತ್ತರದ ಕೋಣೆಯ ಗೋಡೆ ಬೀರುವಿನ ಬಾಗಿಲು ಸರಿಸಿದ. ಕೆಳಹಲಗೆಯಲ್ಲಿ ಮಲಗಿಸಿಟ್ಟಿದ್ದ ಎರಡು ವೈನ್ ಬಾಟಲಿ ಅಲ್ಲಿರಲಿಲ್ಲ.

ಮೇಲಿನ ಹಲಗೆಯಲ್ಲಿ ಲಕ್ಷ್ಮಿ, ವೆಂಕಟೇಶ್ವರ, ರಾಯರ ಫೋಟೊಗಳಿದ್ದವು. ಜೂನ್‌ವರೆಗೆ ಈ ದೇವರೆಲ್ಲ ಅಡುಗೆಮನೆಯ ಮೈಕ್ರೊವೇವ್ ಮೇಲಿದ್ದರು. ಜುಲೈನಲ್ಲಿ ಮೈಸೂರಿನಿಂದ ಬಂದ ಅತ್ತೆ ವೇದವಲ್ಲಿ ಅದನ್ನು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡು, ತಮಗೆ ಬಿಟ್ಟುಕೊಟ್ಟ ಕೋಣೆಯ ಬೀರುವನ್ನೇ ದೇವರ ಮನೆ ಮಾಡಿದ್ದರು. ಅತ್ತೆಯ ಕೋಣೆ ಎಂದು ಅಳಿಯ ಆಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ.

"ಅತ್ತೆ, ಇಲ್ಲಿದ್ದ ಬಾಟಲಿ?"

"ಓ, ಅವಾ? ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ತೆಗೆದು ಹೊರಗಿಟ್ಟೆ. ಲಕ್ಷ್ಮಿ ಕಾಲ್ಕೆಳಗೆ ಹೆಂಡ ಇಟ್ಕೊಂಡು ಕಳಶ ಇಡೋಕಾಗತ್ತಾ? ಹೆದರ್ಕೋಬೇಡಿ, ಹೊಸ ಟವಲಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದೀನಿ."

"ಹೊರಗೆ ಅಂದ್ರೆ ಎಲ್ಲಿ?"

"ಮುಂಬಾಗಿಲ ಪಕ್ಕ ತಗಡಿನ ಬಾಗಿಲಿನ ಗೂಡು ಇದ್ಯಲ್ಲ, ಅಲ್ಲಿ."

ಅದು ಗ್ಯಾಸ್ ಗೀಸರಿನ ಗೂಡು. ಪಡುವಣಕ್ಕೆ ಮುಖ ಮಾಡಿದ ಅದರ ಕಬ್ಬಿಣದ ಬಾಗಿಲ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು. ಆ ವರ್ಷದ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಮೂವತ್ತೈದು ಡಿಗ್ರಿ ದಾಟುವುದು ಸುದ್ದಿಯಾಗಿಯೇ ಉಳಿದಿರಲಿಲ್ಲ. ಗೂಡಿನೊಳಗೆ ಎಷ್ಟಿತ್ತೆಂದು ಅಳೆದವರಿಲ್ಲ.

ಉಮಾಶಂಕರ್ ಟವಲು ಬಿಚ್ಚಿದ. ಗಾಜು ಕೈಗೆ ಬೆಚ್ಚಗೆ ತಾಕಿತು. ಎರಡರಲ್ಲೂ ಬಿರಡೆ ಮೇಲೆದ್ದು, ಅದರ ಮೇಲಿನ ತವರದ ಹೊದಿಕೆ ಉಬ್ಬಿತ್ತು. ಕತ್ತಿನ ಸುತ್ತ ಅಂಟು.

"ಒಡೆದಿಲ್ವಲ್ಲ," ಎಂದರು ಅತ್ತೆ, ಹಿಂದೆಯೇ ಬಂದು.

"ಒಡೆದಿಲ್ಲ ಅತ್ತೆ. ಬೆಂದಿದೆ."

"ಬೇಯೋಕೆ ಅದೇನು ಬೇಳೆಯೇ?" ಎಂದು ನಕ್ಕ ವೇದವಲ್ಲಿ, ಅಳಿಯನ ಮುಖ ನೋಡಿ ಟವಲು ಮಡಿಸತೊಡಗಿದರು.

ಬಾಟಲಿಗಳು ಅವನವಲ್ಲ, ಒಗುರಾ ಸಾನ್, ಎಂದರೆ ಒಗುರಾ ಅವರವು. ಕಾವಾಸಾಕಿಯ ಪಂಪು ತಯಾರಿಸುವ ಕಂಪನಿಯಲ್ಲಿ ಅವರು ಉಮಾಶಂಕರನ ಮೊದಲ ಮೇಲಧಿಕಾರಿ. 2008ರಲ್ಲಿ ಇಟಲಿಯ ಪಿಯೆಮೊಂಟೆಯಲ್ಲಿ ಒಂದು ಕುಟುಂಬದ ದ್ರಾಕ್ಷಿ ತೋಟಕ್ಕೆ ಪಂಪು ಜೋಡಿಸಲು ಹೋದ ಒಗುರಾ ಸಾನ್ ಆ ಮನೆಯಲ್ಲೇ ಮೂರು ವಾರ ಉಳಿದಿದ್ದರು. ಅವರ ಮಗಳು ಹಾರುಕಾ ಹುಟ್ಟಿದ್ದು 2004ರ ಸೆಪ್ಟೆಂಬರ್ ಎಂದು ತಿಳಿದಾಗ ಆ ಮನೆಯ ಅಜ್ಜಿ ನೆಲಮಾಳಿಗೆಗೆ ಇಳಿದು ಅದೇ ವರ್ಷದ ದ್ರಾಕ್ಷಿಯ ಎರಡು ಬಾಟಲಿ ಬರೋಲೊ, ಆ ಸೀಮೆಯ ಕೆಂಪು ವೈನ್, ತಂದರು. ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಹಾರುಕಾ ಎಂದು ಬರೆದು, ಹುಡುಗಿಗೆ ಇಪ್ಪತ್ತಾಗುವವರೆಗೆ ಮುಟ್ಟಬೇಡ ಎಂದರು. ಜಪಾನಿನಲ್ಲಿ ಮದ್ಯ ಕುಡಿಯಲು ಕಾನೂನು ಒಪ್ಪುವ ವಯಸ್ಸೂ ಅದೇ.

ಹಾರುಕಾಳಿಗೆ ಒಂಬತ್ತಾದಾಗ ಒಗುರಾ ದಂಪತಿಗೆ ವಿಚ್ಛೇದನವಾಯಿತು. ಮಗಳು ತಾಯಿಯೊಂದಿಗೆ ಸೆಂದಾಯಿಗೆ ಹೋದಳು. ಅಪ್ಪನಿಗೆ ಹೊಸ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ಅಷ್ಟೇ. ಈ ಜನವರಿಯ ಕಾರ್ಡಿನಲ್ಲಿ ಮಾತ್ರ ಒಂದು ಸಾಲು ಹೆಚ್ಚಿತ್ತು: ನನ್ನ ಹೆಸರಿನ ಬಾಟಲಿ ತೆರೆಯುವ ದಿನ ಬರುತ್ತೇನೆ. ಸೆಪ್ಟೆಂಬರಿನ ಈ ಶನಿವಾರವೇ ಆ ದಿನ.

ನಿವೃತ್ತರಾಗಿ ಬಿಸಿಲು ಬೀಳುವ ಒಂಟಿ ಕೋಣೆಗೆ ಬಂದ ಒಗುರಾ ಸಾನ್ ಬಾಟಲಿಗಳನ್ನು ಉಮಾಶಂಕರನ ಮನೆಗೆ ತಂದಿದ್ದರು. "ನಿಮ್ಮದು ತಂಪು ಕೋಣೆ. ಮೇಲಾಗಿ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಇದಕ್ಕಿಂತ ಭದ್ರವಾದ ಜಾಗ ಟೋಕಿಯೊದಲ್ಲಿಲ್ಲ. ಮುಟ್ಟಬೇಡಿ, ಅಷ್ಟೇ."

"ಅದರಲ್ಲಿ ಅಂಥದ್ದೇನಿದೆ ಸಾರ್?"

"ಗುಲಾಬಿಯ ಪರಿಮಳ. ಜೊತೆಗೆ ಟಾರಿನದು."

"ಟಾರು ಮೂಸೋಕೆ ಇಪ್ಪತ್ತು ವರ್ಷ ಯಾಕೆ ಕಾಯ್ಬೇಕು? ನಮ್ಮ ಬೆಂಗಳೂರಿಗೆ ಬನ್ನಿ, ವರ್ಷವಿಡೀ ರಸ್ತೆ ಹಾಕ್ತಿರ್ತಾರೆ," ಎಂದು ಅವತ್ತು ಇವನು ನಗಿಸಿದ್ದ.

ಈಗ ಒಗುರಾ ಸಾನ್ ಫೋನ್ ಎತ್ತಲಿಲ್ಲ. ಬೆಳಗ್ಗೆ ಕ್ಷೌರಕ್ಕೆ ಹೋಗುವುದಾಗಿ ಹಿಂದಿನ ದಿನ ಹೇಳಿದ್ದರು. ಹೆಂಡತಿ ಯಾಮಿನಿ ತರಕಾರಿಯ ಕೂಲ್ ಬ್ಯಾಗಿಗೆ ಐಸ್ ಪ್ಯಾಕ್ ತುಂಬಿದಳು.

"ಈಗ ಐಸ್ ಇಟ್ಟು ಏನು ಪ್ರಯೋಜನ?"

"ಮತ್ತಿನ್ನೇನು ಮಾಡ್ಲಿ, ಹೇಳಿ."

ಮಾಡುವುದಕ್ಕೆ ಏನೂ ಇರಲಿಲ್ಲ. ಅದೇ ವರ್ಷದ ಬೇರೆ ಬಾಟಲಿ ಹುಡುಕಿದರೂ ಅದರ ಮೇಲೆ ಆ ಅಜ್ಜಿಯ ಕೈಬರಹ ಬರುವುದಿಲ್ಲ.

ಸಂಜೆ ಐದಕ್ಕೆ ಕಾವಾಸಾಕಿ ಸ್ಟೇಷನ್ನಿನ ಹೊರಗೆ ಒಗುರಾ ಸಾನ್ ನಿಂತಿದ್ದರು. ಹೊಸ ಕ್ಷೌರ, ಬಿಳಿ ಅಂಗಿ. ಮಗಳು ಬರಲು ಅರ್ಧ ಗಂಟೆ ಇತ್ತು. ಇಬ್ಬರೇ ಕೂತರೆ ಮಾತು ಹುಟ್ಟುವುದಿಲ್ಲ, ನೀವೂ ಇರಿ ಎಂದು ಉಮಾಶಂಕರನನ್ನೂ ಕರೆದಿದ್ದರು.

ಉಮಾಶಂಕರ್ ಸೊಂಟ ಬಗ್ಗಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಒಗುರಾ ಸಾನ್ ಒಂದು ಬಾಟಲಿ ಹೊರತೆಗೆದು ಉಬ್ಬಿದ ಹೊದಿಕೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಗೀಸರಿನ ಪಕ್ಕ?"

"ಹೌದು. ಹಬ್ಬದಿಂದ."

"ದೇವರಿಗೆ ಆಗಲಿಲ್ಲ ಅನ್ನಿ."

"ತಪ್ಪು ನನ್ನದು ಸಾರ್. ಒಂದು ಸಲವಾದರೂ ನೋಡಬೇಕಿತ್ತು."

"ಮುಟ್ಟಬೇಡಿ ಎಂದವನು ನಾನೇ." ಅವರು ಬಾಟಲಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. "ಹಾರುಕಾಗೆ ಹೇಳಬೇಡಿ."

ಬಾಟಲಿ ತರಲು ಮೊದಲೇ ಒಪ್ಪಿಗೆ ಪಡೆದಿದ್ದ ಸಣ್ಣ ಇಟಾಲಿಯನ್ ಹೋಟೆಲು. ಹಾರುಕಾ ಎತ್ತರದ ಹುಡುಗಿ. ಅಪ್ಪನಿಗೆ "ಬಹಳ ದಿನವಾಯಿತು" ಎಂದು ಹೊರಗಿನವರಿಗೆ ಹೇಳುವಂತೆ ಹೇಳಿ ಕೂತಳು. ಮೇಜಿನ ಮೇಲಿನ ಬಾಟಲಿ ನೋಡಿದ್ದೇ ಮುಖ ಬದಲಾಯಿತು. "ಇಷ್ಟು ಚಿಕ್ಕದಾ? ನನ್ನ ನೆನಪಲ್ಲಿ ನನ್ನಷ್ಟೇ ಎತ್ತರ ಇತ್ತು."

"ಆಗ ನೀನೂ ಅಷ್ಟೇ ಇದ್ದೆ," ಎಂದರು ಅಪ್ಪ.

ಹೋಟೆಲಿನ ಯಜಮಾನ ಬಿರಡೆ ಕಿತ್ತ. ಅದು ತುದಿಯವರೆಗೆ ನೆನೆದಿತ್ತು. ಮೂಸಿ ನೋಡಿ ಒಗುರಾ ಸಾನ್ ಕಡೆ ಕಣ್ಣೆತ್ತಿದ. ಅವರು ಹೇಳಬೇಡ ಎಂಬಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು. ಯಜಮಾನ ಎರಡು ಗ್ಲಾಸಿಗೆ ಬಗ್ಗಿಸಿದ. ಬಣ್ಣ ಇಟ್ಟಿಗೆಯ ಕೆಂಪು. ಇಷ್ಟು ವಯಸ್ಸಿನ ಬರೋಲೊ ಚೆನ್ನಾಗಿದ್ದರೂ ಹೀಗೇ ಇರುವುದರಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಉಮಾಶಂಕರನ ಮುಂದೆ ಊಲಾಂಗ್ ಚಹಾ. ವೈನಿನ ವಾಸನೆ ಅವನವರೆಗೂ ಬಂತು. ಗುಲಾಬಿಯೂ ಇಲ್ಲ, ಟಾರೂ ಇಲ್ಲ. ಬೆಲ್ಲದ ಪಾಕದಲ್ಲಿ ಕುದಿಸಿದ ಒಣದ್ರಾಕ್ಷಿಯಂಥದ್ದು.

ಹಾರುಕಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಒಗುರಾ ಸಾನ್ ಗ್ಲಾಸು ಹಿಡಿದೇ ಇದ್ದರು.

"ಇದು ಗೊತ್ತು ನನಗೆ," ಎಂದಳು ಅವಳು. "ನಮ್ಮಜ್ಜಿ ಜೂನ್‌ನಲ್ಲಿ ಉಮೆ ಹಣ್ಣಿನ ಜಾಮ್ ಕುದಿಸ್ತಿದ್ದಳಲ್ಲ, ಆ ಅಡುಗೆಮನೆಯ ವಾಸನೆ. ನೀವು ಸ್ಟೂಲ್ ಮೇಲೆ ನಿಂತು ತಿರುವ್ತಿದ್ರಿ, ಅಜ್ಜಿ ಬೈತಿದ್ದಳು."

"ತಳ ಹಿಡಿಸ್ತಿದ್ದೆ," ಎಂದರು ಒಗುರಾ ಸಾನ್.

"ಬರೋಲೊ ಅಂದ್ರೆ ಹೀಗೇ ಇರತ್ತಾ, ಅಪ್ಪಾ?"

ಅಪ್ಪಾ ಎಂದಳು. ಉಮಾಶಂಕರ್ ಚಹಾದ ಲೋಟ ನೋಡುತ್ತಾ ಕೂತ. ಒಗುರಾ ಸಾನ್ ತಮ್ಮ ಗ್ಲಾಸನ್ನು ಅರ್ಧ ಕುಡಿದು ಕೆಳಗಿಟ್ಟರು.

"ಹೀಗೇ ಇರತ್ತೆ."

ಊಟ ಮುಗಿಯುವ ಹೊತ್ತಿಗೆ ಅವಳು ಕೂಲ್ ಬ್ಯಾಗಿನೊಳಗೆ ಇಣುಕಿದಳು. "ಇನ್ನೊಂದನ್ನ ಈಗ ತೆರೆಯೋದು ಬೇಡ. ನನಗೆ ಮೂವತ್ತಾದಾಗ ಮೂವರೂ ಇಲ್ಲೇ ಸೇರೋಣ. ಅಲ್ಲಿವರೆಗೆ ಇನ್ನೂ ಚೆನ್ನಾಗಾಗತ್ತೆ ಅಲ್ವಾ?"

ಒಗುರಾ ಸಾನ್ ಬ್ಯಾಗಿನ ಜಿಪ್ ಎಳೆದರು. ಹಾರುಕಾ ಅದನ್ನು ಒಪ್ಪಿಗೆ ಎಂದುಕೊಂಡು ಉಮಾಶಂಕರನ ಕಡೆ ತಿರುಗಿ ತಲೆ ಬಾಗಿಸಿದಳು. "ಉಮಾ ಸಾನ್, ಇಷ್ಟು ದಿನ ಜೋಪಾನ ಮಾಡಿದಿರಿ. ಇನ್ನು ಹತ್ತು ವರ್ಷ ನೀವೇ ಇಟ್ಟುಕೊಳ್ಳಬೇಕು."

ಅವನು ಒಗುರಾ ಸಾನ್ ಮುಖ ನೋಡಿದ. ಅವರು ಮೇಜಿನ ಕಡೆ ನೋಡುತ್ತಿದ್ದರು.

"ಆಗಲಿ," ಎಂದ ಉಮಾಶಂಕರ್.

ಆ ರಾತ್ರಿಯೇ ಬಾಟಲಿ ಬೀರುವಿನ ಕೆಳಹಲಗೆಗೆ ಹೋಯಿತು. ವೇದವಲ್ಲಿ ತಾವೇ ದೇವರ ಫೋಟೊಗಳನ್ನು ಮೈಕ್ರೊವೇವ್ ಮೇಲಕ್ಕೆ ಸಾಗಿಸಿದರು. ಅಕ್ಟೋಬರಿನಲ್ಲಿ ಚಳಿ ಶುರುವಾಗಿ ಅವರು ಎರಡು ರಗ್ಗು ಹೊದೆಯಬೇಕಾಗಿ ಬಂದರೂ ಉಮಾಶಂಕರ್ ಆ ಕೋಣೆಯ ಎಸಿ ಆರಿಸಲಿಲ್ಲ.