ಕಣ್ಣು ಮುಚ್ಚಿ ಹಾಕಿದ ಅಂಕ

ಪ್ರಯೋಗಶಾಲೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ತಕ್ಕಡಿ ಎಂದೇ. ಇಲಿಗಳ ನರ ಎಷ್ಟು ಸೋತಿದೆ ಎಂದು ಅಂಕ ಹಾಕುವುದರಲ್ಲೇ ಇಪ್ಪತ್ತೆರಡು ವರ್ಷ ಸವೆಸಿದ ಮನುಷ್ಯ. ಬಾಲದ ಕೆಳಗೆ ಬೆರಳಿಟ್ಟರೆ ಆರೋಗ್ಯದ ಇಲಿಯ ಬಾಲ ಸುತ್ತಿಕೊಳ್ಳುತ್ತದೆ, ಅದಕ್ಕೆ ಸೊನ್ನೆ. ಅರೆಬರೆ ಸುತ್ತಿದರೆ ಒಂದು, ದಾರದ ಹಾಗೆ ಜೋತುಬಿದ್ದರೆ ಎರಡು. ಮಿಕ್ಕವರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹಾಕುವ ಅಂಕವನ್ನು ತಕ್ಕಡಿ ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದರು. "ಕಣ್ಣಿಗೆ ಕನಿಕರ ಇರುತ್ತೆ, ಬೆರಳಿಗೆ ಇರಲ್ಲ" ಎನ್ನುವುದು ಅವರ ಜಂಬ. ಜಂಬಕ್ಕೆ ತಕ್ಕ ಕೈಯೂ ಇತ್ತೆನ್ನಿ.

ಅವರ ತಮ್ಮನ ಮಗಳು ಆ ಕೆಲಸ ಕಲಿತದ್ದು ಅವರಿಂದಲೇ. ಮನೆಯಲ್ಲಿ ದೊಡ್ಡಪ್ಪ, ಇಲ್ಲಿ ಸರ್. ಮೊದಲ ವಾರ ಗ್ಲೌಸ್ ದಪ್ಪ ಎಂದು ಅವಳು ಗೊಣಗಿದಾಗ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಎಲ್ಲರೆದುರು ನಕ್ಕಿದ್ದರು.

ಅಂಕ ಹಾಕುವವರನ್ನೇ ವರ್ಷಕ್ಕೊಮ್ಮೆ ಪರೀಕ್ಷಿಸುವ ನಿಯಮ ತಂದವರೂ ಅವರೇ. ಹನ್ನೆರಡು ಇಲಿಗಳಿಗೆ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಬೇಕು. ಅಂಕ ಹೊಂದದಿದ್ದರೆ ಮೇಲಿನವರು ತಾವೇ ಇಲಿ ನೋಡುತ್ತಾರೆ, ತಪ್ಪಿದವರು ಆಮೇಲೆ ಇಲಿ ಮುಟ್ಟುವಂತಿಲ್ಲ. ಈ ಸಲ ಅವಳು ಬೆಳಿಗ್ಗೆಯೇ ತನ್ನ ಹಾಳೆ ತುಂಬಿ, ಲಕೋಟೆ ಅಂಟಿಸಿ ಮೇಲಿನವರಿಗೆ ಕೊಟ್ಟಾಗಿತ್ತು. ಈಗ ದೊಡ್ಡಪ್ಪನಿಗೆ ಒಂದೊಂದೇ ಇಲಿ ಕೊಟ್ಟು, ಅವರು ಹೇಳಿದ ಅಂಕ ಬರೆದುಕೊಳ್ಳುತ್ತಿದ್ದಳು.

ಐದನೆಯ ಇಲಿಗೆ ಯಾವ ರೋಗವೂ ಇರಲಿಲ್ಲ. ಅದರ ಬಾಲ ಅವರ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತು.

"ಎರಡು" ಎಂದರು ಅವರು.

"ಇನ್ನೊಂದು ಸಲ ನೋಡ್ತೀರಾ ಸರ್?"

"ಎರಡು ಅಂದ್ರೆ ಎರಡು. ಬರಿ."

ಬರೆದಳು. ಎಂಟನೆಯದಕ್ಕೂ ಹನ್ನೊಂದನೆಯದಕ್ಕೂ ಹಾಗೇ ಆಯಿತು. ತನ್ನ ಹಾಳೆಯನ್ನಾದರೂ ತಿದ್ದೋಣವೆಂದರೆ ಅದು ಕೈ ಬಿಟ್ಟು ಹೋಗಿತ್ತು. ಅಂಥ ಯೋಚನೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ದಾರಿಯಿಲ್ಲದ್ದಕ್ಕೆ ಅಳು ಬಂತು.

ಮುಗಿದ ಮೇಲೆ ಅವರು ಅವಳ ಮುಖ ನೋಡಿದರು. "ಏನಾಯ್ತು?"

"ಮೂರು ಇಲಿ ಚೆನ್ನಾಗಿದ್ವು ಸರ್. ನಿಮ್ಮ ಬೆರಳು ಹಿಡ್ಕೊಂಡಿದ್ವು."

"ಈ ಹೊಸ ಗ್ಲೌಸ್ ತುಂಬ ದಪ್ಪ" ಎಂದರು. ಆಡಿದ ಮಾತು ತಮಗೇ ಕೇಳಿಸಿತೇನೋ, ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡರು.

ಮೊನ್ನೆ ಮನೆಯಲ್ಲಿ ಅವರು ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದು ಅವಳಿಗೆ ನೆನಪಾಯಿತು. ಎಂಥ ಗಟ್ಟಿ ಕೈ ಎಂದು ಎಲ್ಲರೂ ಮೆಚ್ಚಿದ್ದರು. ಅವಳೂ ಮೆಚ್ಚಿದ್ದಳು.

ಅವರು ಗ್ಲೌಸ್ ಕಿತ್ತು, ತೋರುಬೆರಳು ಚಾಚಿ, ಕಣ್ಣು ಮುಚ್ಚಿದರು. "ನೀನು ಹಿಡಿ. ಹಿಡಿದ ತಕ್ಷಣ ಹೇಳ್ತೀನಿ."

ಅವಳು ತನ್ನ ಕಿರುಬೆರಳು ಸುತ್ತಿದಳು. ಅವರು ಏನೂ ಅನ್ನಲಿಲ್ಲ. ಬಿಗಿ ಮಾಡಿದಳು. ಉಗುರು ಊರಿದಳು. ಅವರ ಬೆರಳ ತುದಿ ಬಿಳಿಚಿತು.

"ಹೆದರಬೇಡ ಕಣೇ" ಎಂದರು ದೊಡ್ಡಪ್ಪ, ಕಣ್ಣು ತೆರೆಯದೆ. "ಹಿಡಿ."