ಐದು ಗಂಟೆಯ ತನಕ ಊರಿನ ಮಾತು

ಬೆಳಿಗ್ಗೆ ಹತ್ತಕ್ಕೆ ಅರಮನೆಯ ವರಾಹ ದ್ವಾರದ ಹತ್ತಿರ ನಿಂತಿರಬೇಕು, ಗೈಡ್ ನೀಲಿ ಕುರ್ತಾ ಹಾಕಿರುತ್ತಾರೆ ಎಂದು ಸಂದೇಶ ಬಂದಿತ್ತು. ಬಂದದ್ದು ಅಲ್ಫೋನ್ಸಾಳ ಮೊಬೈಲಿಗಲ್ಲ, ಕಡಬದಲ್ಲಿ ಅವಳ ಪಕ್ಕದ ಮನೆಯ ಹರಿಣಾಕ್ಷಿಯ ಮೊಬೈಲಿಗೆ. ಬುಕಿಂಗ್ ಆದದ್ದೂ ಹರಿಣಾಕ್ಷಿಯ ಹೆಸರಿನಲ್ಲೇ. ಒಬ್ಬರು, ಪೂರ್ತಿ ದಿನ, ಮೈಸೂರು ನಗರ, ಕನ್ನಡದಲ್ಲಿ. ಸ್ವಂತ ಹೆಸರು ಕೊಟ್ಟಿದ್ದರೆ ಆ ಗೈಡ್ ಬರುತ್ತಲೇ ಇರಲಿಲ್ಲ. ಆ ಗೈಡ್ ಅಲ್ಫೋನ್ಸಾಳ ಮಗಳು ಆನ್ ಮರಿಯಾ.

ಕಡಬದಿಂದ ಬೇಗನೆ ಹೊರಟ ಬಾಡಿಗೆ ಕಾರು ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಬೆಳಕು ಹರಿಯುತ್ತಿತ್ತು. ಡ್ರೈವರ್ ಜಾಸಿರನಿಗೆ ಸುಮ್ಮನೆ ಕೂತು ಕಾರು ಬಿಟ್ಟು ಅಭ್ಯಾಸವಿಲ್ಲ.

‘ಒಬ್ಬರೇ ಗೈಡ್ ಇಟ್ಟುಕೊಂಡು ಮೈಸೂರು ನೋಡುದು ಫಾರಿನಿನವರು ಮಾತ್ರ ಆಂಟಿ. ನೀವೀಗ ಕಡಬದ ಫಾರಿನರ್ ಆದ್ರಿ.’

‘ನೀನು ರಸ್ತೆ ನೋಡು ಮಾರಾಯ.’

‘ರಸ್ತೆ ನೋಡಿಕೊಂಡೇ ಹೇಳುದು. ನನ್ನ ಉಮ್ಮ ಮೂರು ಸಲ ಮೈಸೂರಿಗೆ ಹೋಗಿದ್ದಾರೆ. ಮೂರು ಸಲವೂ ಝೂ. ಅರಮನೆ ಹೊರಗಿನಿಂದ ಕಂಡದ್ದೇ ಸಾಕಂತೆ, ಒಳಗೆ ರಾಜ ಇಲ್ಲವಲ್ಲ ಅಂತ.’

ಅಲ್ಫೋನ್ಸಾ ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಮಗಳಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದಳು. ಹೆಚ್ಚೇನಿಲ್ಲ, ಒಂದು ವಾಕ್ಯ. ಹನ್ನೆರಡು ವರ್ಷದಿಂದ ಗಂಡ ಡೇವಿಸನಿಗೂ ಹೇಳದೆ ಇಟ್ಟುಕೊಂಡಿದ್ದ ವಾಕ್ಯ.

ಅದರ ಬುಡ ಇನ್ನೂ ಹಿಂದಿನದು. ಮಗ ಜಿಂಟೋನಿಗೆ ಹನ್ನೊಂದು ವರ್ಷವಾಗಿದ್ದಾಗ ಮೆದುಳು ಜ್ವರ ಬಂತು. ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಅಲ್ಫೋನ್ಸಾ ಮೊಣಕಾಲೂರಿ ಹರಕೆ ಹೊತ್ತಳು: ಹುಡುಗನನ್ನು ಉಳಿಸಿಕೊಡು, ಹುಡುಗಿಯನ್ನು ನಿನಗೆ ಕೊಡುತ್ತೇನೆ. ಹುಡುಗ ಉಳಿದ. ಆಗ ಎಂಟು ವರ್ಷದ ಆನ್ ಮರಿಯಾ ಮಾತ್ರ ಬೆಳೆಯುತ್ತ ಹೋದ ಹಾಗೆ ಕಾನ್ವೆಂಟಿನ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಇತಿಹಾಸದ ಟೀಚರ್ ಆಗಬೇಕಿತ್ತು. ಸಿಸ್ಟರ್ ಆಗುವವಳಿಗೆ ಕರೆ ದೇವರಿಂದಲೇ ಬರಬೇಕು, ತಾಯಿ ಹೇಳಿ ಕಳಿಸುವಂಥದ್ದಲ್ಲ. ಅಲ್ಫೋನ್ಸಾ ಕಾದಳು. ಅಷ್ಟರಲ್ಲಿ ನೆಟ್ಟಣದ ತಿರುವಿನಲ್ಲಿ ಜಿಂಟೋ ಬೈಕಿನಿಂದ ಬಿದ್ದ. ಕೈ ಮಾತ್ರ ಮುರಿದದ್ದು. ಆದರೆ ದೇವರು ಕೊಟ್ಟದ್ದನ್ನು ಹಿಂದಕ್ಕೆ ಕೇಳುತ್ತಿದ್ದಾನೆ ಎಂದೇ ಅಲ್ಫೋನ್ಸಾ ತಿಳಿದಳು.

ಅಲ್ಫೋನ್ಸಾಳಂಥ ಮಲಯಾಳಿ ಕ್ರೈಸ್ತರ ಮನೆಗಳಲ್ಲಿ ದೇವರ ಪಟದ ಕೆಳಗೆ ಒಂದು ವಚನಪೆಟ್ಟಿ ಇರುತ್ತದೆ. ದೇವರ ವಾಕ್ಯಗಳನ್ನು ಬರೆದ ಚೀಟಿಗಳ ಪುಟ್ಟ ಪೆಟ್ಟಿಗೆ. ಹುಟ್ಟುಹಬ್ಬದ ದಿನ ಪ್ರಾರ್ಥನೆ ಮುಗಿದ ಮೇಲೆ ಹುಟ್ಟಿದವರು ಕಣ್ಣು ಮುಚ್ಚಿ ಒಂದು ಚೀಟಿ ಎತ್ತಬೇಕು. ಬಂದದ್ದು ಆ ವರ್ಷಕ್ಕೆ ದೇವರು ಅವರೊಬ್ಬರಿಗೇ ಹೇಳಿದ ಮಾತು. ಮಗಳಿಗೆ ಹದಿನಾರು ತುಂಬುವ ಹಿಂದಿನ ದಿನ ಅಲ್ಫೋನ್ಸಾ ಆ ಪೆಟ್ಟಿಗೆಯನ್ನು ಬರಿದು ಮಾಡಿ, ಡಿಟಿಪಿ ಅಂಗಡಿಯಲ್ಲಿ ಮಾಡಿಸಿ ತಂದ ಅರವತ್ತು ಚೀಟಿ ತುಂಬಿಸಿದಳು. ಅರವತ್ತರಲ್ಲೂ ಒಂದೇ ವಾಕ್ಯ, ದೇವರು ಹೆಸರು ಹಿಡಿದು ಕರೆಯುವ ವಾಕ್ಯ.

ಚೀಟಿ ಎತ್ತಿ ಓದಿದ ಮೇಲೆ ಮೂರು ದಿನ ಹುಡುಗಿ ಯಾರ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ಅಡುಗೆಮನೆಗೆ ಬಂದು, ‘ಅಮ್ಮಚ್ಚಿ, ನನ್ನನ್ನು ಕರೆದಿದ್ದಾನೆ’ ಎಂದಳು. ಅಲ್ಫೋನ್ಸಾ ಅವಳನ್ನು ಅಪ್ಪಿಕೊಂಡು ಅತ್ತಳು. ಆ ಅಳುವಿನಲ್ಲಿ ನಟನೆ ಇರಲಿಲ್ಲ. ತನ್ನ ಕೈಯನ್ನು ದೇವರೇ ನಡೆಸಿದ ಎಂದು ಆ ಗಳಿಗೆಯಲ್ಲಿ ಅವಳು ನಂಬಿದ್ದಳು. ಈಗ ನೆನೆದರೆ ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ.

ಒಂಬತ್ತು ವರ್ಷದ ನಂತರ ಆನ್ ಮರಿಯಾ ಒಂದು ಬ್ಯಾಗು ಹಿಡಿದು ಮನೆಯ ಮೆಟ್ಟಿಲ ಬಳಿ ಬಂದು ನಿಂತಳು. ಕಾನ್ವೆಂಟ್ ಬಿಟ್ಟು ಬಂದಿದ್ದಳು. ಮರು ತಿಂಗಳು ಜಿಂಟೋನ ಮದುವೆ. ಕಾನ್ವೆಂಟಿನಿಂದ ಓಡಿ ಬಂದವಳು ಇರುವ ಮನೆ ಎಂದು ಹೆಣ್ಣಿನ ಕಡೆಯವರು ಹಿಂದೆ ಸರಿದರೆ? ‘ಮದುವೆ ಆಗುವವರೆಗೆ ಮೈಸೂರಿನಲ್ಲಿ ಡಿಂಪಲ್ ಹತ್ತಿರ ಇರು ಮೋಳೆ’ ಎಂದಳು ಅಲ್ಫೋನ್ಸಾ; ಮೋಳೆ ಎಂದರೆ ಅವರ ಮಲಯಾಳದಲ್ಲಿ ಮಗಳೇ. ಡಿಂಪಲ್ ಅವಳ ತಂಗಿಯ ಮಗಳು, ಅಲ್ಲಿ ನರ್ಸ್. ಮಗಳು ನೀರು ಕೂಡ ಕುಡಿಯದೆ ಅದೇ ಮಧ್ಯಾಹ್ನ ಹೊರಟಳು. ಮದುವೆಗೆ ಬರಲಿಲ್ಲ. ಆಮೇಲೆ ಮೂರು ವರ್ಷ ಫೋನೂ ಎತ್ತಲಿಲ್ಲ.

ಮಗಳು ಗೈಡ್ ಆದದ್ದನ್ನು ಅಲ್ಫೋನ್ಸಾಳಿಗೆ ತಿಳಿಸಿದ್ದು ಡಿಂಪಲ್. ಕಳೆದ ವಾರ ಅವಳು ಮತ್ತೆ ಫೋನ್ ಮಾಡಿದ್ದಳು. ‘ಆಂಟಿ, ಅವಳು ಊಟ ಬಿಟ್ಟಿದ್ದಾಳೆ. ಕೇಳಿದ್ರೆ, ದೇವರು ಹೆಸರು ಹಿಡಿದು ಕರೆದ, ನಾನು ಓಡಿ ಬಂದೆ, ಇನ್ನು ನಾನು ಇದ್ದು ಎಂತಕ್ಕೆ ಅಂತಾಳೆ. ನನಗೆ ಡ್ಯೂಟಿಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ.’

ಕರೆದವರು ಯಾರು ಎಂದು ಲೋಕದಲ್ಲಿ ಒಬ್ಬಳಿಗೇ ಗೊತ್ತಿತ್ತು.

ಹತ್ತು ಗಂಟೆಗೆ ವರಾಹ ದ್ವಾರದಲ್ಲಿ ನೀಲಿ ಕುರ್ತಾದವಳು ಜನರ ನಡುವೆ ಬಿರುಸಾಗಿ ಬಂದಳು. ಅಲ್ಫೋನ್ಸಾಳನ್ನು ಕಂಡು ಅವಳ ಕಾಲು ನಿಂತಿತು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಮನೆಯಲ್ಲಿ ಮಲಯಾಳ ಬಿಟ್ಟು ಬೇರೆ ಆಡದವಳು ಮೈಸೂರು ಕನ್ನಡದಲ್ಲಿ ಕೇಳಿದಳು, ‘ಹರಿಣಾಕ್ಷಿ ಅಂದ್ರೆ ನೀವೇನಾ?’

‘ಮೋಳೆ...’

‘ಟೂರ್ ಕನ್ನಡದಲ್ಲಿ ಬುಕ್ ಆಗಿದೆ. ನಾನು ಈಗ ಬಿಟ್ಟು ಹೋದ್ರೆ ಕಂಪನಿಯವರು ಮುಂದೆ ಕೆಲಸ ಕೊಡಲ್ಲ. ಐದು ಗಂಟೆ ತನಕ ಇರ್ತೀನಿ. ಈ ಊರಿನ ವಿಷಯ ಮಾತ್ರ. ಬೇರೆ ಮಾತು ಬಂದ್ರೆ ಅಲ್ಲಿಗೇ ಮುಗೀತು. ಸರೀನಾ ಮೇಡಂ?’

ಅಲ್ಫೋನ್ಸಾ ತಲೆಯಾಡಿಸಿದಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮಗಳ ಹಿಂದೆ ನಡೆದಳು.

‘ಮೊದಲಿದ್ದ ಅರಮನೆ ಮರದ್ದು. ರಾಜಕುಮಾರಿಯ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಅದೇ ಜಾಗದಲ್ಲಿ ಇದನ್ನು ಕಟ್ಟಿದ್ದು. ಹದಿನೈದು ವರ್ಷ ಹಿಡೀತು.’

ಕಲ್ಯಾಣ ಮಂಟಪದಲ್ಲಿ ಬಣ್ಣದ ಗಾಜಿನ ಛಾವಣಿಯ ಕೆಳಗೆ ನಿಂತು ನವಿಲುಗಳನ್ನು ತೋರಿಸಿದಳು. ಗಾಜು ಯಾವ ದೇಶದಿಂದ ಹಡಗಿನಲ್ಲಿ ಬಂತು, ಗೋಡೆಯ ಚಿತ್ರದ ಮೆರವಣಿಗೆಯಲ್ಲಿ ಯಾರು ಎಲ್ಲಿ ನಡೆಯುತ್ತಿದ್ದಾರೆ, ಎಲ್ಲವನ್ನೂ ತೊಡರದೆ ಹೇಳಿದಳು. ಪಕ್ಕದ ಗುಂಪಿನವರು ತಮ್ಮ ಗೈಡನ್ನು ಬಿಟ್ಟು ಇವಳ ಮಾತಿಗೆ ಕಿವಿ ಕೊಟ್ಟರು.

ಮಗಳು ಇಷ್ಟು ಹೊತ್ತು ಮಾತಾಡಿದ್ದನ್ನು ಅಲ್ಫೋನ್ಸಾ ಕೇಳಿದ್ದೇ ಇಲ್ಲ. ಕಾನ್ವೆಂಟಿಗೆ ಹೋದಾಗ ಸಂದರ್ಶಕರ ಕೋಣೆಯಲ್ಲಿ ಹದಿನೈದು ನಿಮಿಷ ಸಿಗುತ್ತಿತ್ತು. ಮಗಳು ಕೈಕಟ್ಟಿ ಕೂತು, ಮಳೆ ಉಂಟಾ, ರಬ್ಬರ್ ಟ್ಯಾಪಿಂಗ್ ಶುರುವಾಯಿತಾ ಎಂದು ಕೇಳುತ್ತಿದ್ದಳು, ಅಷ್ಟೇ. ಈ ಹುಡುಗಿ ಐದು ವರ್ಷದ ಹಿಂದೆಯೇ ಮಕ್ಕಳ ಎದುರು ಹೀಗೆ ನಿಂತಿರಬಹುದಿತ್ತು. ಈಗ ಹೇಳುತ್ತೇನೆ, ಈ ಕೋಣೆ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ಅಲ್ಫೋನ್ಸಾ ಪ್ರಶ್ನೆಗಳನ್ನು ಕೇಳುತ್ತಲೇ ಹೋದಳು. ಕಂಬ ಯಾವುದರದ್ದು, ಆನೆಯ ದಂತ ನಿಜದ್ದಾ. ಹೇಳಿದರೆ ಈ ಧ್ವನಿ ನಿಲ್ಲುತ್ತದೆ. ಹಾಗಾಗಿ ಹೇಳುತ್ತಿಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಹೆದರಿಕೆಗೆ ಪ್ರೀತಿಯ ಸೆರಗು ಹೊದೆಸುವ ಈ ಅಭ್ಯಾಸ ಅವಳಿಗೆ ಹಳೆಯದು. ಗೊತ್ತಿದ್ದರೂ ಬಿಡಲು ಆಗುವುದಿಲ್ಲ.

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲೂ ಹೇಳಲಾಗಲಿಲ್ಲ. ಊಟದ ಹೊತ್ತಾಯಿತು. ಹತ್ತಿರದ ಹೋಟೆಲಿನಲ್ಲಿ ಆನ್ ಮರಿಯಾ ಮಜ್ಜಿಗೆ ಮಾತ್ರ ಹೇಳಿದಳು.

‘ಊಟ ಮಾಡುದಿಲ್ವಾ?’

‘ಅದು ಊರಿನ ವಿಷಯ ಅಲ್ಲ ಮೇಡಂ.’

ಅಲ್ಫೋನ್ಸಾ ಸ್ವಲ್ಪ ಯೋಚಿಸಿ ಕೇಳಿದಳು. ‘ಮೈಸೂರಿನವರು ಮಧ್ಯಾಹ್ನ ಎಂತ ತಿನ್ನುದು? ಅದು ಊರಿನ ವಿಷಯವೇ ಅಲ್ವಾ?’

‘ಮುದ್ದೆ. ಸೊಪ್ಪಿನ ಸಾರು.’

‘ನನಗೆ ಮುದ್ದೆ ತಿಂದು ಗೊತ್ತಿಲ್ಲ. ಹೇಗೆ ತಿನ್ನುದು ಅಂತ ತೋರಿಸು. ಗೈಡ್ ಅಲ್ವಾ ನೀನು.’

ಮಗಳ ತುಟಿಯ ಕೊನೆ ಒಂದು ಕ್ಷಣ ಅಲುಗಿತು. ಮುದ್ದೆ ಬಂತು. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕೆಂದು ತೋರಿಸಿದಳು. ಎರಡು ತುತ್ತಿಗೇ ಕೈ ನಿಲ್ಲಿಸಿದಳು. ಮೂರನೆಯದು ಇಳಿಯಲಿಲ್ಲ. ಅವಳ ಸಣಕಲು ಮುಂಗೈ ಕಂಡು ಅಲ್ಫೋನ್ಸಾ ತನ್ನ ತಟ್ಟೆಯನ್ನೂ ಬದಿಗೆ ಸರಿಸಿದಳು.

ಎರಡೂವರೆಗೆ ಅವರು ದೊಡ್ಡ ಇಗರ್ಜಿಯ, ಊರಿನ ಹೆಸರಾಂತ ಚರ್ಚಿನ, ಗೇಟಿನ ಬಳಿ ಇದ್ದರು. ಆನ್ ಮರಿಯಾ ಗೇಟಿನ ಹೊರಗೇ ನಿಂತು ಎರಡು ಗೋಪುರಗಳ ಬಗ್ಗೆ ಹೇಳಿದಳು. ‘ಒಳಗೆ ನೀವು ಹೋಗಿ ಬನ್ನಿ. ಕೆಳಗೆ ನೆಲಮಾಳಿಗೆಯಲ್ಲಿ ಸಂತ ಸ್ತ್ರೀಯ ಪ್ರತಿಮೆ ಇದೆ. ನಾನು ಇಲ್ಲೇ ಇರ್ತೀನಿ.’

‘ನೀನು ಯಾಕೆ ಬರುದಿಲ್ಲ?’

‘ನಾನು ಯಾರ ಜೊತೆಯೂ ಒಳಗೆ ಹೋಗಲ್ಲ.’

ಹಾಗೆ ಹೇಳುವಾಗ ಅವಳು ಗೋಪುರದ ಕಡೆ ನೋಡಲಿಲ್ಲ. ಪೆಟ್ಟು ತಿಂದ ಮಗು ಹೊಡೆದವರ ಕಡೆ ನೋಡದೆ ನಿಲ್ಲುವ ಹಾಗೆ ನಿಂತಿದ್ದಳು. ಅಲ್ಫೋನ್ಸಾ ಎಷ್ಟೋ ಸಲ ಅಭ್ಯಾಸ ಮಾಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ. ಬೇರೆಯೇ ಬಂತು.

‘ನಿನ್ನನ್ನು ಕರೆದದ್ದು ದೇವರಲ್ಲ ಮೋಳೆ. ನಾನು.’

ಮಲಯಾಳದಲ್ಲಿ ಹೇಳಿದಳು. ಆಸ್ಪತ್ರೆಯ ವರಾಂಡ, ಹರಕೆ, ನೆಟ್ಟಣದ ತಿರುವು, ಪೆಟ್ಟಿಗೆ, ಒಂದೂ ಬಿಡದೆ ಹೇಳಿದಳು. ಆಟೋದವನೊಬ್ಬ ನಿಲ್ಲಿಸಿ ಎಲ್ಲಿಗೆ ಎಂದು ಕೇಳಿ ಹೋದ. ಆನ್ ಮರಿಯಾ ಕಾಂಪೌಂಡಿನ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು.

‘ಎಷ್ಟು ಚೀಟಿ?’ ಅವಳೂ ಈಗ ಮಲಯಾಳದಲ್ಲೇ ಕೇಳಿದಳು.

‘ಅರವತ್ತು.’

‘ಬೇರೆ ಒಂದೂ ಇರ್ಲಿಲ್ವಾ?’

‘ಒಂದು ಇಟ್ಟು ಅದೇ ನಿನ್ನ ಕೈಗೆ ಬಂದ್ರೆ ಎಂತ ಮಾಡುದು ಅಂತ ಹೆದರಿಕೆ ಆಯ್ತು.’

ಮಗಳು ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ, ಕೊನೆಗೆ ಎದೆಯ ಮೇಲಿನ ಭಾರ ಇಳಿದವಳ ಹಾಗೆ ಉಸಿರು ಬಿಡುತ್ತಾಳೆ ಎಂದು ಅಲ್ಫೋನ್ಸಾ ಎಣಿಸಿದ್ದಳು. ಹಾಗೇನೂ ಆಗಲಿಲ್ಲ. ಆನ್ ಮರಿಯಾಳ ಮುಖ ಬಿಳಿಚಿಕೊಂಡಿತು.

‘ಕಾನ್ವೆಂಟಿನಲ್ಲಿ ಎಲ್ಲರೂ ತಮ್ಮ ಕರೆಯ ಕಥೆ ಹೇಳ್ಬೇಕು ಅಮ್ಮಚ್ಚಿ,’ ಎಂದಳು. ‘ನನ್ನದು ಎಲ್ಲರಿಗೂ ಇಷ್ಟ. ಕಣ್ಣು ಮುಚ್ಚಿ ಎತ್ತಿದ ಚೀಟಿಯಲ್ಲಿ ದೇವರು ಮಾತಾಡಿದ್ದು. ಹುಡುಗಿಯರ ಕ್ಯಾಂಪು ಇದ್ದಾಗ ಹೇಳ್ಲಿಕ್ಕೆ ನನ್ನನ್ನೇ ಕಳಿಸ್ತಿದ್ರು. ನೆಲ್ಯಾಡಿಯ ಟ್ರೀಸಾ ಅಂತ ಒಬ್ಬಳು ಅದನ್ನು ಕೇಳಿಯೇ ಕಾಲೇಜು ಬಿಟ್ಟು ಸೇರಿದ್ದು. ಬರುವ ತಿಂಗಳು ಅವಳ ಕೊನೆಯ ವ್ರತ. ಆಮೇಲೆ ಜೀವಮಾನವಿಡೀ ಅಲ್ಲೇ.’

ಅಲ್ಫೋನ್ಸಾ ಕಟ್ಟೆಯನ್ನು ಹಿಡಿದುಕೊಂಡಳು. ಒಂದು ಹುಡುಗಿಯ ಲೆಕ್ಕವನ್ನಷ್ಟೇ ಅವಳು ಹೊತ್ತು ತಂದಿದ್ದಳು.

‘ಅವಳಿಗೆ ನಿಜವಾದ ಕರೆ ಇರ್ಬಹುದಲ್ಲಾ ಮೋಳೆ.’

‘ಇರ್ಬಹುದು. ಇದ್ರೆ ಉಳೀತಾಳೆ. ಗೊತ್ತಿದ್ದು ಉಳೀಲಿ. ಅವಳೀಗ ಸಂಪಾಜೆಯ ಕಾನ್ವೆಂಟಿನಲ್ಲಿದ್ದಾಳೆ, ನರ್ಸರಿ ಮಕ್ಕಳಿಗೆ ಪಾಠ ಮಾಡಿಕೊಂಡು. ಈಗ ಹೊರಟ್ರೆ ಸಂಜೆ ಪ್ರಾರ್ಥನೆಗೆ ಮೊದಲು ಮುಟ್ಟಬಹುದು.’

‘ನಾನಾ?’

‘ನಾನು ಹೇಳಿದ್ರೆ ಓಡಿ ಬಂದವಳ ಮಾತು. ಯಾರೂ ನಂಬುದಿಲ್ಲ. ಮಾಡಿದವರು ನೀವು, ನೀವೇ ಹೇಳ್ಬೇಕು.’

ಹೇಳಿದರೆ ಭಾನುವಾರದೊಳಗೆ ಕಡಬದ ಇಗರ್ಜಿಯ ಅಂಗಳಕ್ಕೆ ಮಾತು ಬರುತ್ತದೆ. ಡೇವಿಸ್ ತಲೆ ತಗ್ಗಿಸಿ ನಡೆಯುತ್ತಾನೆ. ‘ಜಿಂಟೋನಿಗೆ ಗೊತ್ತಾಗ್ತದೆ,’ ಎಂದಳು ಅಲ್ಫೋನ್ಸಾ. ‘ಅವನು ಉಳಿದದ್ದಕ್ಕೆ ನಿನ್ನನ್ನು ಕೊಟ್ಟದ್ದು ಅಂತ. ಅವನು ತಡೆದುಕೊಳ್ಳುದಿಲ್ಲ ಮೋಳೆ.’

‘ನಾನು ತಡೆದುಕೊಂಡೆ ಅಲ್ಲಾ?’

ಅಲ್ಫೋನ್ಸಾ ಮಗಳ ಪಕ್ಕದಲ್ಲಿ ಕೂತಳು.

‘ನೀನೂ ಬಾ.’

‘ಇಲ್ಲ.’

‘ಮನೆಗೆ ಬೇಡ. ಸಂಪಾಜೆ ತನಕ.’

‘ಇಲ್ಲ ಅಂದೆನಲ್ಲ.’ ಆನ್ ಮರಿಯಾ ಎದ್ದಳು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. ‘ಅವಳಿಗೆ ಹೇಳಿ ಆದ ಮೇಲೆ ಫೋನ್ ಮಾಡಿ. ಎತ್ತುತ್ತೇನೆ.’

‘ಊಟ ಮಾಡ್ತೀಯಾ?’

‘ಫೋನ್ ಮಾಡಿ,’ ಎಂದಷ್ಟೇ ಹೇಳಿ ರಸ್ತೆ ದಾಟಿದಳು.

ಕಾರು ಹುಣಸೂರು ದಾಟುವವರೆಗೂ ಜಾಸಿರ್ ಕನ್ನಡಿಯಲ್ಲಿ ಅಲ್ಫೋನ್ಸಾಳನ್ನು ನೋಡುತ್ತಲೇ ಇದ್ದ. ಕೊನೆಗೆ ಮೆಲ್ಲಗೆ ಕೇಳಿದ, ‘ಗೈಡ್ ಸರಿ ಇರ್ಲಿಲ್ವಾ ಆಂಟಿ?’

‘ಸರಿ ಇದ್ದಳು. ಘಾಟಿ ಇಳಿದ ಮೇಲೆ ಸಂಪಾಜೆಯಲ್ಲಿ ಸ್ವಲ್ಪ ನಿಲ್ಲಿಸ್ಬೇಕು.’

ಮಡಿಕೇರಿಯಲ್ಲಿ ಚಹಾ ಬೇಡವೆಂದಳು. ತಿರುವು ತಿರುವಿಗೂ, ಹೇಳದೆ ನೇರ ಮನೆಗೆ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಮನಸ್ಸು ಕೇಳುತ್ತಿತ್ತು. ಆ ಮನಸ್ಸಿನ ಗುರುತು ಅವಳಿಗೆ ಚೆನ್ನಾಗಿತ್ತು. ಪೆಟ್ಟಿಗೆ ತುಂಬಿಸಿದ್ದು ಅದೇ. ಮಗಳನ್ನು ಮೆಟ್ಟಿಲಿನಿಂದ ತಿರುಗಿಸಿ ಕಳಿಸಿದ್ದೂ ಅದೇ. ಎರಡು ಸಲವೂ ಅದು ಬಹಳ ಮೆತ್ತಗಿನ ದನಿಯಲ್ಲಿ ಮಾತಾಡಿತ್ತು.

ರಸ್ತೆಯಿಂದ ಸ್ವಲ್ಪ ಮೇಲೆ ಹಂಚಿನ ಸಣ್ಣ ಕಟ್ಟಡ. ಗಂಟೆ ಒತ್ತಿದಾಗ ವಯಸ್ಸಾದ ಸಿಸ್ಟರ್ ಬಾಗಿಲು ತೆಗೆದು, ಯಾರೆಂದು ಕೇಳಿ, ಸಂದರ್ಶಕರ ಕೋಣೆಯಲ್ಲಿ ಕೂರಿಸಿ, ತಾನು ಪಕ್ಕದ ಕೋಣೆಯಲ್ಲಿ ಹೊಲಿಗೆಗೆ ಕೂತಳು. ಟ್ರೀಸಾ ಓಡುತ್ತಲೇ ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬೆರಳುಗಳಲ್ಲಿ ಬಣ್ಣದ ಸೀಮೆಸುಣ್ಣ ಹಾಗೇ ಇತ್ತು.

‘ಆನ್ ಸಿಸ್ಟರಿನ ಅಮ್ಮಚ್ಚಿ ಅಂತೆ? ಅವರು ಹೇಗಿದ್ದಾರೆ? ನಾನು ದಿನಾ ಅವರಿಗೋಸ್ಕರ ಪ್ರಾರ್ಥನೆ ಮಾಡುದುಂಟು. ಅವರಿಂದಲೇ ಅಲ್ವಾ ನಾನು ಇಲ್ಲಿ ಇರುದು.’

ಅಲ್ಫೋನ್ಸಾಳಿಗೆ ಆ ಬೆರಳುಗಳಿಂದ ಕಣ್ಣು ತೆಗೆಯಲಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಟ್ರೀಸಾ ಅತಿಥಿಯ ಮುಖ ನೋಡಿ, ಏನೋ ಗುಟ್ಟಿನ ವಿಷಯವಿರಬೇಕೆಂದುಕೊಂಡು ಆ ಕೋಣೆಯ ಬಾಗಿಲು ಮುಚ್ಚಲು ಹೋದಳು.

‘ಬೇಡ ಮೋಳೆ, ತೆರೆದೇ ಇರ್ಲಿ,’ ಎಂದಳು ಅಲ್ಫೋನ್ಸಾ. ‘ಅವರಿಗೂ ಕೇಳ್ಲಿ. ನೀನು ಇಲ್ಲಿ ಕೂತುಕೊ.’